ಕ್ಯಾಂಪರ್ ಗಾಡಿಗೆ ಲಿಥಿಯಂ ಬ್ಯಾಟರಿ ಮತ್ತು ಹೊಸ ಇನ್ವರ್ಟರ್: ಎರಡು ಮಳೆಗಾಲ ಕಳೆದ ಮೇಲೆ

ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದನ್ನು ಬಿಚ್ಚಿ, ಅದೇ ಜಾಗದಲ್ಲಿ ಹೊಸದನ್ನು ಕೂರಿಸಿ, ಅದೇ ತಂತಿ ಸಿಕ್ಕಿಸಿದರೆ ಮುಗಿಯಿತು ಎಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ. ಬ್ಯಾಟರಿಯ ಜಾತಿ ಬದಲಾದರೆ ಅದನ್ನು ತುಂಬಿಸುವ ದಾರಿ, ಅದರಿಂದ ಹೊರಡುವ ಕೇಬಲ್, ನಡುವೆ ಕೂರುವ ಫ್ಯೂಸ್ ಎಲ್ಲವೂ ಬದಲಾಗಬೇಕು. ಇಷ್ಟು ದಿನದ ಬಳಕೆಯಲ್ಲಿ ನನಗೆ ನೆಮ್ಮದಿ ಕೊಟ್ಟಿರುವುದು ಬ್ಯಾಟರಿಗಿಂತ ಹೆಚ್ಚಾಗಿ ಅದರ ಸುತ್ತಲಿನ ಈ ಸಾಮಾನುಗಳೇ.

ನಮ್ಮದು ಒಳಗೇ ಮಲಗಿ, ಅಡಿಗೆ ಮಾಡಿಕೊಂಡು ಸುತ್ತಲು ಫೋರ್ಸ್ ಟ್ರಾವೆಲರ್ ವ್ಯಾನಿನ ಮೇಲೆ ಕಟ್ಟಿಸಿದ ಗಾಡಿ. ನಾನು, ಹೆಂಡತಿ, ಅಮ್ಮ, ಮಗಳು ಸಕಲೇಶಪುರ, ಮರವಂತೆ, ಬಾದಾಮಿ ಎಂದು ಸುತ್ತುತ್ತಿರುತ್ತೇವೆ. ಎಂಜಿನ್‌ನ ಬ್ಯಾಟರಿ ಬೇರೆ; ಒಳಗಿನ ದೀಪ, ಫ್ಯಾನು, ಫ್ರಿಜ್ಜು, ನೀರಿನ ಪಂಪಿನ ಬ್ಯಾಟರಿ ಬೇರೆ. ಈ ಎರಡನೆಯದರ ಜಾಗದಲ್ಲಿ ಮೊದಲು 150 ಎಎಚ್‌ (ಆಂಪಿಯರ್ ಅವರ್) ಸಾಮರ್ಥ್ಯದ ಎರಡು ಟ್ಯೂಬುಲರ್ ಬ್ಯಾಟರಿಗಳಿದ್ದವು, ಮನೆಯ ಇನ್ವರ್ಟರಿಗೆ ಹಾಕುವಂಥವೇ. ಲೆಕ್ಕಕ್ಕೆ ಎರಡೂ ಸೇರಿ 3.6 ಯೂನಿಟ್. ಲೆಡ್ ಆಸಿಡ್ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ ಬಳಕೆಗೆ ಸಿಗುವುದು 1.8. ಅದು ಕೂಡ 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಮಿಕ್ಸಿ ತಿರುಗಿಸಿದರೆ, ಇಂಡಕ್ಷನ್ ಒಲೆ ಹಚ್ಚಿದರೆ ವೋಲ್ಟೇಜ್ ಕುಸಿದು ಇನ್ವರ್ಟರ್ ಕಿರುಚಿಕೊಳ್ಳುತ್ತಿತ್ತು. ಜೊತೆಗೆ ಡಿಸ್ಟಿಲ್ಡ್ ವಾಟರ್ ತುಂಬುವ ಕೆಲಸ, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್‌ಗೆಂದು ಗಾಳಿಕಿಂಡಿ, ಮಲಗುವ ಹಾಸಿಗೆಯ ಕೆಳಗೇ ಆಸಿಡ್ ವಾಸನೆ. ಎರಡರ ತೂಕ 100 ಕಿಲೋ ದಾಟುತ್ತಿತ್ತು.

ಈಗ ಇರುವುದು 12.8 ವೋಲ್ಟ್, 200 ಎಎಚ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಒಂದೊಂದರಲ್ಲೂ 3.2 ವೋಲ್ಟಿನ ಕೋಶಗಳ ನಾಲ್ಕು ಸಾಲು. ಅವನ್ನು ಕಾಯಲು ಒಳಗೇ ಒಂದು ಬಿಎಂಎಸ್, ಅಂದರೆ ಮಿತಿ ಮೀರಿದಾಗ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ಕ್ಯೂಟ್. ಒಟ್ಟು 5.12 ಯೂನಿಟ್, ಹತ್ತರಲ್ಲಿ ಒಂಬತ್ತು ಪಾಲು ಧೈರ್ಯವಾಗಿ ಬಳಸಬಹುದು. ಎರಡೂ ಸೇರಿ ತೂಕ ಹಳೆಯವುಗಳ ಅರ್ಧಕ್ಕಿಂತ ಕಡಿಮೆ. ಇನ್ವರ್ಟರ್ 2000 ವಾಟ್‌ನ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥ ನುಣುಪು ಅಲೆ ಕೊಡುವಂಥದ್ದು), ಚಾರ್ಜರ್ ಅದರೊಳಗೇ ಇದೆ. ಚಾವಣಿಯ ಮೇಲಿನ 400 ವಾಟ್ ಸೋಲಾರ್ ಮೊದಲಿನದೇ. 24 ವೋಲ್ಟಿಗೆ ಹೋಗು ಎಂದವರಿದ್ದರು. ಫ್ರಿಜ್ಜು, ಪಂಪು, ಫ್ಯಾನು, ಗಾಡಿಯ ಡೈನಮೋ ಎಲ್ಲವೂ 12 ವೋಲ್ಟಿನವಾಗಿರುವಾಗ ಅದು ನನಗೆ ಸರಿ ಕಾಣಲಿಲ್ಲ.

12 ವೋಲ್ಟ್ ಎಂದ ಮೇಲೆ ಅದರ ಶಿಕ್ಷೆಯನ್ನೂ ಅನುಭವಿಸಬೇಕು: ವೋಲ್ಟೇಜ್ ಕಡಿಮೆಯಾದಷ್ಟೂ ಎಳೆಯಬೇಕಾದ ಕರೆಂಟು ಹೆಚ್ಚು. ಒಲೆಗೆ 1800 ವಾಟ್ ಬೇಕೆಂದರೆ ಇನ್ವರ್ಟರಿನ ನಷ್ಟ ಸೇರಿ ಬ್ಯಾಟರಿಯಿಂದ ಸುಮಾರು 160 ಆಂಪಿಯರ್ ಎಳೆಯಬೇಕು. ನಮ್ಮ ಗಾಡಿಯಲ್ಲಿ ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗಿ ಬರುವ ಕೇಬಲ್ ಒಟ್ಟು ಮೂರು ಮೀಟರ್. ಅದು 25 ಚದರ ಮಿಲಿಮೀಟರಿನದಾದರೆ ಆ ಮೂರು ಮೀಟರಿನಲ್ಲೇ ಐವತ್ತಕ್ಕೂ ಹೆಚ್ಚು ವಾಟ್ ಶಾಖವಾಗಿ ಹೋಗುತ್ತದೆ. ನಾವು ಹಾಕಿಸಿದ 70 ಚದರ ಮಿಲಿಮೀಟರಿನಲ್ಲಿ ಅದು ಇಪ್ಪತ್ತರ ಸುಮಾರಿಗೆ ಇಳಿಯುತ್ತದೆ. ಕೆಲಸ ಮಾಡಿಕೊಟ್ಟ ಪೀಣ್ಯದ ಎಲೆಕ್ಟ್ರಿಷಿಯನ್ ಈ ಲೆಕ್ಕವನ್ನೆಲ್ಲ ಹಾಕಲಿಲ್ಲ. ಕೇಬಲ್ಲಿನ ತುಂಡೊಂದನ್ನು ನನ್ನ ಕೈಗಿಟ್ಟು, "ಸರ್, ಅರ್ಧ ಗಂಟೆ ಒಲೆ ಉರಿಸಿ ಇದನ್ನು ಮುಟ್ಟಿ ನೋಡಿ. ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗಾದರೆ ನನಗೆ ದುಡ್ಡು ಕೊಡಬೇಡಿ" ಎಂದರು.

ಅವರು ಲಗ್ (ಕೇಬಲ್ಲಿನ ತುದಿಗೆ ಹಾಕುವ ಲೋಹದ ಕೊಂಡಿ) ಕೂರಿಸುವುದನ್ನು ನೋಡುತ್ತಾ ನಿಂತಿದ್ದೆ. ಕೇಬಲ್ಲಿನ ತುದಿಯ ಸಿಪ್ಪೆಯನ್ನು ಲಗ್ಗಿನ ಕೊಳವೆಯ ಉದ್ದಕ್ಕೆ ಸರಿಯಾಗಿ ಸುಲಿದು, ಒಂದು ಎಳೆಯೂ ಹೊರಗುಳಿಯದಂತೆ ತಿರುಚಿ ಒಳಗೆ ನೂಕಿ, ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಎರಡು ಕಡೆ ಒತ್ತಿದರು. ಆಮೇಲೆ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಸುತ್ತಿಗೆಯಲ್ಲಿ ಬಡಿದು ಲಗ್ ಕೂರಿಸುವವರನ್ನೂ ನೋಡಿದ್ದೇನೆ. ಅಂಥ ಕಡೆ ಮೊದಲು ಬಿಸಿಯಾಗುವುದು ಆ ಜೋಡಣೆಯೇ. ಎರಡು ಬ್ಯಾಟರಿಗಳಿಗೂ ಒಂದೇ ಅಳತೆಯ ಕೇಬಲ್, ಧನ ತುದಿಯನ್ನು ಒಂದು ಬ್ಯಾಟರಿಯಿಂದ, ಋಣ ತುದಿಯನ್ನು ಇನ್ನೊಂದರಿಂದ ತೆಗೆಯಬೇಕು ಎನ್ನುವುದು ಅವರ ಕಟ್ಟುನಿಟ್ಟು. ಹಾಗೆ ಮಾಡದಿದ್ದರೆ ಒಂದೇ ಬ್ಯಾಟರಿ ಹೆಚ್ಚು ದುಡಿದು ಇನ್ನೊಂದು ಸೋಮಾರಿಯಾಗುತ್ತದೆ.

ಫ್ಯೂಸಿನ ವಿಷಯದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನೆಲ್ಲ ಅಲೆದೆ. ಕೇಳಿದ ಕಡೆಯೆಲ್ಲ ಕಾರ್ ಸ್ಟೀರಿಯೋದ ಫ್ಯೂಸ್ ತೆಗೆದು ತೋರಿಸಿದರು, ಇಲ್ಲವೇ ಮನೆಯ ಎಸಿ ಲೈನಿನ ಎಂಸಿಬಿ. ಎರಡೂ ಇಲ್ಲಿಗೆ ಆಗುವುದಿಲ್ಲ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಯನ್ನು ಮುಟ್ಟುವುದರಿಂದ ಎಂಸಿಬಿ ಬಿದ್ದಾಗ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪಿಯರ್ ಹರಿಯಬಲ್ಲದು. ಅದನ್ನು ತಡೆದು ನಿಲ್ಲಿಸಲೆಂದೇ ಇರುವುದು ಟಿ ಕ್ಲಾಸ್ ಫ್ಯೂಸ್; 20,000 ಆಂಪಿಯರ್ ನುಗ್ಗಿದರೂ ಸುರಕ್ಷಿತವಾಗಿ ಕಡಿದುಕೊಳ್ಳುತ್ತದೆ. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿ, ಬ್ಯಾಟರಿಯ ಧನ ತುದಿಗೆ ಒಂದು ಗೇಣಿನೊಳಗೇ ಹಾಕಿಸಿದೆ. ಇಲ್ಲಿ ಚೌಕಾಸಿ ಬೇಡ.

ಡೈನಮೋದ ಕಥೆ ಇನ್ನೂ ಮುಖ್ಯ. ಮೊದಲು ಎಂಜಿನ್ ಬ್ಯಾಟರಿಗೂ ಒಳಗಿನ ಬ್ಯಾಟರಿಗೂ ನಡುವೆ ಒಂದು ರಿಲೇ (ತಾನಾಗಿ ಜೋಡಿಸಿ ಬಿಡಿಸುವ ಸ್ವಿಚ್) ಇತ್ತು, ಅಷ್ಟೇ. ಟ್ಯೂಬುಲರ್ ಬ್ಯಾಟರಿಯ ಒಳತಡೆ ಹೆಚ್ಚು, ಅದು ಕರೆಂಟನ್ನು ನಿಧಾನಕ್ಕೆ ಕುಡಿಯುತ್ತದೆ. ಲಿಥಿಯಂ ಹಾಗಲ್ಲ, ಬಾಯಾರಿದ ಎತ್ತು ತೊಟ್ಟಿಗೆ ಬಾಯಿ ಹಾಕಿದಂತೆ ಡೈನಮೋ ಕೊಟ್ಟಷ್ಟನ್ನೂ ಹೀರುತ್ತದೆ. ನೆಲಮಂಗಲದ ಟೋಲ್ ಸಾಲಿನಲ್ಲಿ ಎಂಜಿನ್ ಐಡಲ್‌ನಲ್ಲಿರುವಾಗ ಡೈನಮೋದ ಸ್ವಂತ ಫ್ಯಾನು ತಿರುಗುವುದೇ ಮೆಲ್ಲಗೆ. ಆಗ ಪೂರ್ತಿ ಕರೆಂಟ್ ಎಳೆದರೆ ಸುರುಳಿ ಸುಡುತ್ತದೆ. ಬ್ಯಾಟರಿ ತುಂಬಿ ಬಿಎಂಎಸ್ ಥಟ್ಟನೆ ಕಡಿದುಕೊಂಡರೆ ವೋಲ್ಟೇಜ್ ಜಿಗಿದು ಡೈನಮೋದ ಡಯೋಡುಗಳೂ ಹೋಗಬಹುದು. ಆದ್ದರಿಂದ ನಡುವೆ 30 ಆಂಪಿಯರಿನ ಡಿಸಿಯಿಂದ ಡಿಸಿಗೆ ಚಾರ್ಜ್ ಮಾಡುವ ಪೆಟ್ಟಿಗೆ ಹಾಕಿಸಿದೆವು. ಗಂಟೆಗೆ 0.4 ಯೂನಿಟ್ ತುಂಬುತ್ತದೆ, ಹೆಚ್ಚು ಕೇಳುವುದಿಲ್ಲ. ಬೆಂಗಳೂರಿನಿಂದ ಸಕಲೇಶಪುರ ತಲುಪುವಷ್ಟರಲ್ಲಿ ಎರಡು ಯೂನಿಟ್‌ನ ಹತ್ತಿರ ಒಳಗೆ ಬಂದಿರುತ್ತದೆ. 60 ಆಂಪಿಯರಿನದು ಹಾಕಿಸಬಹುದಿತ್ತಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ನಗರದ ಟ್ರಾಫಿಕ್ಕಿನಲ್ಲೇ ಅರ್ಧ ಆಯಸ್ಸು ಕಳೆಯುವ ಗಾಡಿಗೆ ನಾನು ಅದನ್ನು ಹೇಳಲಾರೆ.

ದಿನಬಳಕೆಯಲ್ಲಿ ಏನು ಬದಲಾಯಿತು? ಅಡಿಗೆ. ಒಂದು ಲೀಟರ್ ನೀರು ಕುದಿಯಲು 0.1 ಯೂನಿಟ್ ಸಾಕು. ಬೆಳಗಿನ ಕಾಫಿ, ಉಪ್ಪಿಟ್ಟು, ಮಧ್ಯಾಹ್ನದ ಅನ್ನ ಸಾರು ಸೇರಿದರೂ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಫ್ರಿಜ್ಜು ದಿನಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ. "ಉರಿಯೇ ಕಾಣದ ಒಲೆಯಲ್ಲಿ ಒಗ್ಗರಣೆ ಹೇಗೋ ಹಾಕುವುದು?" ಎಂದು ಗೊಣಗುತ್ತಿದ್ದ ಅಮ್ಮ ಈಗ ಗ್ಯಾಸ್ ಸಿಲಿಂಡರನ್ನು ಮನೆಯಲ್ಲೇ ಬಿಟ್ಟು ಬನ್ನಿ ಎನ್ನುತ್ತಾರೆ. ಚಟ್ನಿಗೆ ಮಿಕ್ಸಿ ಹಾಕಿದಾಗ ದೀಪಗಳು ಮಂಕಾಗುವುದು ನಿಂತಿದೆ. ಹಳೆಯ ಇನ್ವರ್ಟರಿನ ಒರಟು ಅಲೆಗೆ ಮಿಕ್ಸಿಯ ಮೋಟಾರು ಗುಂಯ್‌ಗುಡುತ್ತಿದ್ದದ್ದೂ ಇಲ್ಲ.

ಏರ್ ಕಂಡೀಷನರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಓಡುತ್ತದೆ. ಏಪ್ರಿಲ್‌ನಲ್ಲಿ ಗೋಕರ್ಣದ ಸೆಕೆಗೆ 26 ಡಿಗ್ರಿಯಲ್ಲಿ ಇಟ್ಟರೆ ಐದಾರು ಗಂಟೆ. ಮರುದಿನ ಅಷ್ಟನ್ನು ತುಂಬಿಸುವ ದಾರಿ ಇಲ್ಲದಿದ್ದರೆ ಆ ಸುಖ ಒಂದೇ ರಾತ್ರಿಯದು.

ಸೋಲಾರ್ ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತದೆ. ಜುಲೈನ ಮಲೆನಾಡಿನಲ್ಲಿ, ಮರದ ಕೆಳಗೆ ನಿಲ್ಲಿಸಿದರೆ, ಅದು ಇದ್ದೂ ಇಲ್ಲದ ಹಾಗೆ. ಆಗ ಹೋಮ್‌ಸ್ಟೇಯ ಸಾಕೆಟ್ಟೇ ಗತಿ. ಇಲ್ಲಿ ಹೊಸ ಇನ್ವರ್ಟರ್ ಮನಸ್ಸು ಗೆದ್ದಿತು. ಸಂಜೆ ಹೊತ್ತು ಎಸ್ಟೇಟುಗಳಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗೆ ಇಳಿಯುವುದುಂಟು. ಯುಪಿಎಸ್ ಮೋಡಿನಲ್ಲಿದ್ದರೆ ಇನ್ವರ್ಟರ್ ಆ ಕರೆಂಟನ್ನು ಒಪ್ಪುವುದೇ ಇಲ್ಲ. ಆ ಮೋಡನ್ನು ಬದಲಾಯಿಸಿಕೊಂಡರೆ ಇನ್ನೂ ಕಡಿಮೆ ವೋಲ್ಟೇಜಿನಲ್ಲೂ ಚಾರ್ಜ್ ಮಾಡುತ್ತದೆ. 60 ಆಂಪಿಯರಿನಲ್ಲಿ ಚಾರ್ಜ್ ಮಾಡುವಾಗ ಗೋಡೆಯಿಂದ ಒಂದು ಕಿಲೋವಾಟ್‌ನ ಹತ್ತಿರ ಎಳೆಯುತ್ತದೆ. ಹಳೆಯ ಮನೆಗಳ 6 ಆಂಪಿಯರ್ ಸಾಕೆಟ್ಟಿಗೆ ಅದು ಅತಿಯಾಯಿತು, ಹಾಗಾಗಿ 20ಕ್ಕೆ ಇಳಿಸಿ ರಾತ್ರಿಯಿಡೀ ಬಿಡುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಚಾರ್ಜ್ ಮಾಡಲು ಸಂಘದವರ ಒಪ್ಪಿಗೆ ಪಡೆಯುವುದು ಮಾತ್ರ ಯಾವ ಇನ್ವರ್ಟರಿನ ಮೋಡಿಗೂ ಬಗ್ಗದ ಸಮಸ್ಯೆ. ಪ್ರತ್ಯೇಕ ಸಬ್ ಮೀಟರ್ ಹಾಕಿಸಿಕೊಟ್ಟ ಮೇಲೆಯೇ ಅವರ ಮುಖ ಸಡಿಲವಾಯಿತು.

ವಿಕ್ಟ್ರಾನ್‌ನ ಸ್ಮಾರ್ಟ್‌ಶಂಟ್ ಎಂಬ ಬ್ಯಾಟರಿ ಮೀಟರ್ ಹಾಕಿಸಿದ್ದು ಈ ಇಡೀ ಖರ್ಚಿನಲ್ಲಿ ಅತಿ ಲಾಭದ ಬಾಬ್ತು. ಲಿಥಿಯಂನ ವೋಲ್ಟೇಜ್ ತುಂಬ ಹೊತ್ತು 13.2ರ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಶಂಟ್ ಒಳಬಂದ, ಹೊರಹೋದ ಪ್ರತಿ ಆಂಪಿಯರನ್ನೂ ಎಣಿಸುತ್ತದೆ. ಆಗಾಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿದರೆ ಲೆಕ್ಕ ತಾನೇ ಸರಿಮಾಡಿಕೊಳ್ಳುತ್ತದೆ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 15 ವಾಟ್‌ಗೂ ಹೆಚ್ಚು ತಿನ್ನುತ್ತದೆ ಎಂದು ತೋರಿಸಿಕೊಟ್ಟದ್ದು ಅದೇ. ದಿನಕ್ಕೆ ಅದು 0.4 ಯೂನಿಟ್ ಆಗುತ್ತದೆ, ಮನೆ ಮುಂದೆ ನಿಂತ ಗಾಡಿಯಲ್ಲಿ ಎರಡು ವಾರದೊಳಗೆ ಬ್ಯಾಟರಿ ಬರಿದು. ಈಗ ಊರಿಗೆ ಬಂದ ಕೂಡಲೇ ಮುಖ್ಯ ಸ್ವಿಚ್ ಆರಿಸಿ, ಅರ್ಧದಷ್ಟು ಚಾರ್ಜಿನಲ್ಲಿ ಬಿಡುತ್ತೇವೆ. ಲಿಥಿಯಂಗೆ ಪೂರ್ತಿ ತುಂಬಿ ಕೂರುವುದಕ್ಕಿಂತ ಅದೇ ಹಿತ. ಮತ್ತೆ ಆನ್ ಮಾಡುವಾಗ ಮೊದಲು ಒಂದು ಪುಟ್ಟ ರೆಸಿಸ್ಟರ್ ಮೂಲಕ ಇನ್ವರ್ಟರಿನ ಕೆಪಾಸಿಟರುಗಳನ್ನು ತುಂಬಿಸಬೇಕು, ಇಲ್ಲದಿದ್ದರೆ ಚಟ್ಟೆಂದು ಕಿಡಿ ಹಾರಿ, ಶಾರ್ಟ್ ಆಯಿತೆಂದು ತಿಳಿದು ಬಿಎಂಎಸ್ ಬಾಗಿಲು ಹಾಕಿಕೊಳ್ಳುತ್ತದೆ.

ಹವೆಯ ದೃಷ್ಟಿಯಿಂದ ಬೆಂಗಳೂರು ಈ ಬ್ಯಾಟರಿಗೆ ಹೇಳಿ ಮಾಡಿಸಿದ ಊರು. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು; ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯ 7.8 ಡಿಗ್ರಿ. ಬಿಸಿಲಿನ ದಾಖಲೆ 2016ರ ಏಪ್ರಿಲ್‌ನ 39.2. ಲಡಾಖಿಗೆ ಹೋಗುವವರು ಮಾತ್ರ ಒಳಗೆ ಹೀಟರ್ ಇರುವ ಬ್ಯಾಟರಿ ನೋಡಬೇಕು.

ದೂರು ಇಲ್ಲದಿಲ್ಲ. ಮೊದಲ ಮಳೆಗಾಲದ ನಂತರ ಒಂದು ಬ್ಯಾಟರಿಯ ಕೋಶಗಳಲ್ಲಿ ಸಮತೋಲ ತಪ್ಪಿ, ಪೂರ್ತಿ ತುಂಬುವ ಮೊದಲೇ ಬಿಎಂಎಸ್ ಕಡಿದುಕೊಳ್ಳತೊಡಗಿತು. ಐದು ವರ್ಷದ ವಾರಂಟಿ ಇದೆ ಎಂದು ಮಾರುವಾಗ ಎದೆ ತಟ್ಟಿಕೊಂಡ ಕಂಪನಿ, ಆಗ ಬ್ಯಾಟರಿಯನ್ನು ಪಕ್ಕದ ರಾಜ್ಯದ ಕಾರ್ಖಾನೆಗೆ ನಮ್ಮ ಖರ್ಚಿನಲ್ಲೇ ಕಳಿಸಿ ಎಂದಿತು. ಲಿಥಿಯಂ ಬ್ಯಾಟರಿ ಸಾಗಣೆಯಲ್ಲಿ ಅಪಾಯಕಾರಿ ಸರಕು. ಎಲ್ಲ ಪಾರ್ಸೆಲ್ ಕಚೇರಿಗಳೂ ಮುಟ್ಟುವುದಿಲ್ಲ. ವಾರಗಟ್ಟಲೆ ಫೋನು ಮಾಡಿದ ಮೇಲೆ ಅವರ ಹುಡುಗನೊಬ್ಬ ಬಂದು ಬಿಎಂಎಸ್ ಬದಲಾಯಿಸಿ ಹೋದ. ಆಮೇಲೆ ತೊಂದರೆ ಕೊಟ್ಟಿಲ್ಲ. ಕೊಳ್ಳುವ ಮೊದಲು ರಿಪೇರಿ ಎಲ್ಲಿ ಮಾಡುತ್ತೀರಿ, ಗಾಡಿಯಲ್ಲಿ ಬಳಸಿದರೂ ವಾರಂಟಿ ಉಂಟೇ ಎಂದು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಆ್ಯಪ್ ಅಂತೂ ಒಂದು ಸಲಕ್ಕೆ ಒಂದೇ ಬ್ಯಾಟರಿಯನ್ನು ತೋರಿಸುತ್ತದೆ, ಅದೂ ಮನಸ್ಸು ಬಂದಾಗ.

ಹಳೆಯ ಇನ್ವರ್ಟರನ್ನೇ ಉಳಿಸಿಕೊಳ್ಳುವವರು ಅದರ ಚಾರ್ಜಿಂಗ್ ಕ್ರಮವನ್ನು ನೋಡಿಕೊಳ್ಳಿ. ಟ್ಯೂಬುಲರ್‌ಗೆಂದು ವೋಲ್ಟೇಜನ್ನು 15ರ ಆಚೆಗೆ ಏರಿಸುವ ವ್ಯವಸ್ಥೆ ಅದರಲ್ಲಿರಬಹುದು. ಲಿಥಿಯಂನ ಮಿತಿ 14.6. ಶಾಕ್ ಹೊಡೆಯದಂತೆ ಕಾಯುವ ಆರ್‌ಸಿಸಿಬಿಯೂ ಅಷ್ಟೆ, ಇನ್ವರ್ಟರಿನ ನ್ಯೂಟ್ರಲ್ ಗಾಡಿಯ ಲೋಹಕ್ಕೆ ಸೇರಿಲ್ಲದಿದ್ದರೆ ಹೆಸರಿಗೆ ಮಾತ್ರ ಇರುತ್ತದೆ. ಹೊರಗಿನ ಕರೆಂಟಿಗೆ ಸಿಕ್ಕಿಸಿದಾಗ ಆ ಜೋಡಣೆ ತಾನಾಗಿ ಬಿಡಿಸಿಕೊಳ್ಳಲೂಬೇಕು.

ದುಡ್ಡಿನ ಮಾತು: ಬ್ಯಾಟರಿ ಒಂದೊಂದಕ್ಕೆ 50,000 ರೂಪಾಯಿಯ ಮೇಲಾಯಿತು. ಇನ್ವರ್ಟರ್ ಬಿಟ್ಟು ಕೇಬಲ್, ಫ್ಯೂಸ್, ಶಂಟ್, ಡಿಸಿ ಚಾರ್ಜರ್, ಕೂಲಿ ಎಂದು ಇನ್ನೊಂದು ಬ್ಯಾಟರಿಯಷ್ಟೇ ಹೋಯಿತು. ಹಳೆಯ ಟ್ಯೂಬುಲರ್‌ಗಳನ್ನು ಸೀಸದ ತೂಕಕ್ಕೆ ಅಂಗಡಿಯವರೇ ಕೊಂಡರು. ವರ್ಷಕ್ಕೊಮ್ಮೆ ಮೈಸೂರಿನ ಕಡೆ ಹೋಗಿ ಬರುವವರಿಗೆ, ದೀಪ ಫ್ಯಾನು ಉರಿದರೆ ಸಾಕೆನ್ನುವವರಿಗೆ, ಇಷ್ಟೆಲ್ಲ ಬೇಡ. ಟ್ಯೂಬುಲರ್ ಧಾರಾಳವಾಗಿ ಸಾಕು. ಒಲೆ ಹಚ್ಚುವವರು, ಗಾಡಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ದುಡಿಯುವವರು ಲಿಥಿಯಂ ಹಾಕಿಸಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಒಂದೇ ಬ್ಯಾಟರಿ ಕೊಂಡು, ಸುತ್ತಲಿನ ಸಾಮಾನನ್ನು ಮಾತ್ರ ಪೂರ್ತಿ ದರ್ಜೆಯದೇ ಹಾಕಿಸಿ.

ನಮ್ಮಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಡಿಸಿ ಚಾರ್ಜರ್ ಸೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿರುವುದರಿಂದ ಹಂಪಿಯ ಬಿಸಿಲಿನಲ್ಲಿ ಕಾದು, 30 ಆಂಪಿಯರಿನ ಬದಲು 20ನ್ನಷ್ಟೇ ಕೊಡುತ್ತದೆ. ಮುಂದಿನ ಬೇಸಿಗೆಯೊಳಗೆ ಅದನ್ನು ಗಾಳಿಯಾಡುವ ಕಡೆಗೆ ಸರಿಸಿ, ಒಂದು ಸಣ್ಣ ಫ್ಯಾನು ಕೂರಿಸಲು ಪೀಣ್ಯದವರಿಗೆ ಹೇಳಿದ್ದೇನೆ.