ಡೊಮಿನಿಕನ್ ಇ-ಟಿಕೆಟ್‌ಗೆ ಒಂದು ಡಾಲರ್ ಕೂಡ ಕಟ್ಟಬೇಡಿ, ನಾನು 316 ಕಟ್ಟಿ ಕೂತಿದ್ದೇನೆ

ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾಗೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಟಿಕೆಟ್, ಹೋಟೆಲ್ ಎಲ್ಲ ಬುಕ್ ಮಾಡಿದ ಮೇಲೆ ಕೊನೆಗೆ ಉಳಿಯುವ, ಆ ದೇಶದೊಳಗೆ ಹೋಗಲು ತುಂಬಬೇಕಾದ ಇ-ಟಿಕೆಟ್ ಫಾರ್ಮ್ ಇದೆಯಲ್ಲ, ಅದು ಉಚಿತ. ಪೂರ್ತಿ ಉಚಿತ. ಡೊಮಿನಿಕನ್ ಸರ್ಕಾರ ಅದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಒಂದು ಖಾಸಗಿ ಸೈಟಿಗೆ ನಾಲ್ಕು ಜನಕ್ಕೆ ತಲಾ 79 ಡಾಲರ್‌ನಂತೆ 316 ಡಾಲರ್ ಕಟ್ಟಿದೆ. ಕಟ್ಟಿದ ಮೇಲೂ ಏರ್‌ಪೋರ್ಟಿನಲ್ಲಿ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು.

ನಾಚಿಕೆಯಿಂದ ಎರಡು ವಾರ ಯಾರಿಗೂ ಹೇಳಿರಲಿಲ್ಲ. ಆದರೆ ಹೋದ ಭಾನುವಾರ ಪರಿಚಯದವರ ಮನೆಗೆ ಊಟಕ್ಕೆ ಹೋದಾಗ ಅಲ್ಲಿ ಇನ್ನೊಬ್ಬರು ಅದೇ ಸೈಟಿಗೆ ದುಡ್ಡು ಕಟ್ಟಿ ಬಂದಿರುವುದು ಗೊತ್ತಾಯಿತು. ಅವರು ಐದು ಜನ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಅಮ್ಮ ಹಾಸನದಿಂದ ಬಂದು ನ್ಯೂಜೆರ್ಸಿಯಲ್ಲಿ ನಮ್ಮ ಜೊತೆ ಇದ್ದಾರೆ. ಚಳಿಗೆ ಹೆದರಿ ಇಬ್ಬರೂ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ನಾಲ್ಕು ದಿನ ಬಿಸಿಲು ಕಾಣಲಿ ಅಂತ ಹೊರಟೆವು. ಅಮೆರಿಕದ ವೀಸಾ ಇದ್ದರೆ ನಮ್ಮ ಪಾಸ್‌ಪೋರ್ಟಿನವರಿಗೂ ಅಲ್ಲಿಗೆ ಬೇರೆ ವೀಸಾ ಬೇಡ. ನೆವಾರ್ಕಿನಿಂದ ನೇರ ವಿಮಾನ. ಟೂರಿಸ್ಟ್ ಕಾರ್ಡಿನ 10 ಡಾಲರ್ ಕೂಡ ವಿಮಾನದ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಉಳಿದದ್ದು ಇದೊಂದೇ ಫಾರ್ಮ್. ಮೊದಲೆಲ್ಲ ವಿಮಾನದಲ್ಲಿ ಕೈಗೆ ಕೊಡುತ್ತಿದ್ದ ಇಮಿಗ್ರೇಶನ್ ಚೀಟಿ, ಕಸ್ಟಮ್ಸ್ ಚೀಟಿ ಎಲ್ಲ ಸೇರಿಸಿ 2021ರಿಂದ ಆನ್‌ಲೈನ್ ಮಾಡಿದ್ದಾರೆ. ತುಂಬಿದರೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅಷ್ಟೇ ಅದರ ಕಥೆ.

ಗುರುವಾರ ರಾತ್ರಿ ಹನ್ನೊಂದು ಗಂಟೆ. ಬಟ್ಟೆ ಜೋಡಿಸಿಟ್ಟು, ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಡುಕಿದೆ. ಮೊದಲು ಬಂದದ್ದನ್ನೇ ಒತ್ತಿದೆ. ವಿಳಾಸದಲ್ಲಿ ಡೊಮಿನಿಕನ್ ಅಂತಲೂ ಇತ್ತು, ಇ-ಟಿಕೆಟ್ ಅಂತಲೂ ಇತ್ತು. ಮೇಲೆ ಆ ದೇಶದ ಬಾವುಟ, ಪಕ್ಕದಲ್ಲಿ ಒಂದು ಮುದ್ರೆ, ಹಿಂದೆ ತೆಂಗಿನಮರ, ನೀಲಿ ಸಮುದ್ರ. ಲಿಂಕಿನ ಮೇಲೆ ಸಣ್ಣ ಅಕ್ಷರದಲ್ಲಿ ಸ್ಪಾನ್ಸರ್ಡ್, ಅಂದರೆ ಜಾಹೀರಾತು, ಅಂತ ಇದ್ದದ್ದು ಆಮೇಲೆ ಕಂಡಿತು. ಆ ಹೊತ್ತಿಗೆ ಕಣ್ಣಿಗೆ ಬೀಳಲಿಲ್ಲ.

ಹೆಸರು, ವಿಮಾನದ ನಂಬರು, ಹೋಟೆಲ್ ಎಲ್ಲ ಕೇಳಿತು. ನಾಲ್ಕೂ ಜನರ ಪಾಸ್‌ಪೋರ್ಟಿನ ಫೋಟೋ ಕೇಳಿತು, ಹಾಕಿದೆ. ಕೊನೆಗೆ ಮೂರು ದರ ತೋರಿಸಿತು. ಒಂದು ದಿನದಲ್ಲಿ ಬೇಕಾ, ನಾಲ್ಕು ಗಂಟೆಯಲ್ಲಿ ಬೇಕಾ, ಒಂದು ಗಂಟೆಯಲ್ಲಿ ಬೇಕಾ ಅಂತ. ನಮ್ಮ ವಿಮಾನ ಶನಿವಾರ ಬೆಳಿಗ್ಗೆ. ನಡುವಿನದನ್ನು ಆರಿಸಿದೆ. ನಮ್ಮವರು 'ಜಾಸ್ತಿ ಆಯ್ತಲ್ವಾ' ಅಂದರು. 'ವೀಸಾ ಬೇಡ ಅಂದಮೇಲೆ ಇಲ್ಲಿ ತಗೋತಾರೆ ಬಿಡಿ' ಅಂತ ನಾನೇ ಹೇಳಿದೆ. ನಾನೇ ಹೇಳಿದೆ ಅನ್ನುವುದು ಈಗಲೂ ಚುಚ್ಚುತ್ತದೆ.

ಅಮ್ಮನ ಹೆಸರಿನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಡೆಯ ಎಷ್ಟೋ ತಾಯಂದಿರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅಮ್ಮನದೂ ಹಾಗೇ. ಅಮೆರಿಕದ ವೀಸಾದಲ್ಲಿ ಅವರ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿದ್ದಾರೆ. ಈ ಗೊಂದಲ ಪ್ರತಿ ಫಾರ್ಮಿನಲ್ಲೂ ಇದ್ದದ್ದೇ. ಆ ಸೈಟಿನಲ್ಲಿ 'ನಮ್ಮ ಪರಿಣತರು ಪ್ರತಿ ಅರ್ಜಿಯನ್ನೂ ಪರಿಶೀಲಿಸಿ ತಪ್ಪು ತಿದ್ದುತ್ತಾರೆ' ಅಂತ ದಪ್ಪಕ್ಷರದಲ್ಲಿ ಇತ್ತು. ದುಡ್ಡು ಕಟ್ಟಲು ನನಗೆ ಧೈರ್ಯ ಬಂದದ್ದೇ ಆ ಸಾಲಿನಿಂದ. ಅಮ್ಮನ ಹೆಸರು ಸರಿಹೋಗುತ್ತದೆ ಅಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಒಂದು ಪಿಡಿಎಫ್ ಬಂತು. ಬಾವುಟ, ಮುದ್ರೆ, ನಾಲ್ಕು ಹೆಸರು, ಕೆಳಗೆ ಒಂದು ಕ್ಯೂಆರ್ ಕೋಡ್. ಅಪ್ಪ ನಾಲ್ಕು ಪ್ರತಿ ಪ್ರಿಂಟ್ ಮಾಡಿಸಿ, ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಂಡರು.

ಶನಿವಾರ ಬೆಳಿಗ್ಗೆ ಐದೂವರೆಗೆ ಚೆಕ್-ಇನ್ ಕೌಂಟರ್. ಅಪ್ಪ ಫೈಲಿನಿಂದ ಹಾಳೆ ತೆಗೆದು ಕೊಟ್ಟರು. ಕೌಂಟರಿನ ಹೆಂಗಸು ನೋಡಿ 'ಇದು ಇ-ಟಿಕೆಟ್ ಅಲ್ಲ' ಅಂದಳು. ನಾನು ವಾದ ಮಾಡಿದೆ. ದುಡ್ಡು ಕಟ್ಟಿದ್ದೇವೆ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. 'ಅದಕ್ಕೆ ದುಡ್ಡೇ ಇಲ್ಲವಲ್ಲ' ಅಂದಳು. ನನ್ನ ಫೋನಿನಿಂದಲೇ ಆ ಕೋಡ್ ಸ್ಕ್ಯಾನ್ ಮಾಡಿದೆ. ತೆರೆದದ್ದು ಅದೇ ಸೈಟಿನ ಪುಟ. 'ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ, ಧನ್ಯವಾದ.' ಅಂದರೆ ನಮ್ಮ ಕೈಯಲ್ಲಿದ್ದದ್ದು ಬರೀ ರಸೀದಿ. ನಾಲ್ಕು ಪ್ರತಿ ರಸೀದಿ.

ನಮ್ಮ ಹಿಂದೆ ಉದ್ದ ಸಾಲು. ಪಕ್ಕಕ್ಕೆ ಹೋಗಿ ತುಂಬಿ ಬನ್ನಿ ಅಂತ ಅಸಲಿ ವಿಳಾಸ ತೋರಿಸಿದಳು. ಸೂಟ್‌ಕೇಸಿನ ಮೇಲೆ ಕೂತು ಫೋನಿನಲ್ಲಿ ತುಂಬಿದೆ. ಕೈ ನಡುಗುತ್ತಿತ್ತು. ಪಕ್ಕದಲ್ಲಿ ನಿಂತ ಅಮ್ಮ ಮೆಲ್ಲಗೆ 'ನನ್ನ ಹೆಸರಿನಿಂದ ಏನಾದರೂ ತೊಂದರೆ ಆಯ್ತೇನೇ?' ಅಂದರು. ಆ ಮಾತಿಗೆ ನನಗೆ ಅಳು ಬಂತು. ಮಾಡಿದ್ದು ಯಾರೋ, ಹೆದರಿದ್ದು ಅಮ್ಮ.

ಅಸಲಿ ಫಾರ್ಮಿನಲ್ಲಿ ಇದ್ದದ್ದು ಇಷ್ಟು: ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು, ವಿಮಾನದ ವಿವರ, ಎಲ್ಲಿ ಉಳಿಯುತ್ತೀರಿ, 10,000 ಡಾಲರ್‌ಗಿಂತ ಜಾಸ್ತಿ ನಗದು ಇದೆಯಾ, ಪ್ರಾಣಿ, ಗಿಡ, ತಿನ್ನುವ ಪದಾರ್ಥ ಏನಾದರೂ ತರುತ್ತಿದ್ದೀರಾ. ಪಾಸ್‌ಪೋರ್ಟಿನ ಫೋಟೋ ಯಾರೂ ಕೇಳಲಿಲ್ಲ. ಒಂದೇ ಅರ್ಜಿಯಲ್ಲಿ ನಾಲ್ವರನ್ನೂ ಸೇರಿಸಿದೆ. ಅಮ್ಮನ ಹೆಸರನ್ನು ವಿಮಾನದ ಟಿಕೆಟ್ಟಿನಲ್ಲಿ ಇದ್ದ ಹಾಗೇ ಹಾಕಿದೆ, ಏನೂ ತಕರಾರು ಬರಲಿಲ್ಲ. ಕೊನೆಯ ಪುಟ ಒತ್ತುವಾಗ ನನ್ನ ಎಡಗೈಯಲ್ಲಿ ಕ್ರೆಡಿಟ್ ಕಾರ್ಡ್ ಇತ್ತು. ಇಲ್ಲೂ ಏನಾದರೂ ಕೇಳುತ್ತಾರೆ ಅಂತ ತೆಗೆದು ಹಿಡಿದುಕೊಂಡಿದ್ದೆ. ಕೇಳಲಿಲ್ಲ. ನೇರವಾಗಿ ಕ್ಯೂಆರ್ ಕೋಡ್ ಬಂತು. ಕಾರ್ಡ್ ಹಿಡಿದು ಆ ಕೋಡನ್ನೇ ನೋಡುತ್ತಾ ಕೂತೆ. ಹದಿನೈದು ನಿಮಿಷದ ಕೆಲಸ. ಹದಿನೈದು ನಿಮಿಷಕ್ಕೆ 316 ಡಾಲರ್, ಅದೂ ಮಾಡದ ಕೆಲಸಕ್ಕೆ. ಅಪ್ಪ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿ ಸುಮ್ಮನಾದರು. ಬೈದಿದ್ದರೆ ವಾಸಿ ಇತ್ತು.

ಗೇಟಿನ ಹತ್ತಿರ ಕೂತು ಆ ಸೈಟಿನ ಚಾಟ್‌ನಲ್ಲಿ ಬರೆದೆ. ಉತ್ತರ ಬಂತು: 'ಪ್ರಿಯ ಪ್ರಯಾಣಿಕರೇ, ನಾವು ಖಾಸಗಿ ಸೇವಾ ಸಂಸ್ಥೆ. ಸರ್ಕಾರದ ಜೊತೆ ಸಂಬಂಧವಿಲ್ಲ ಎಂದು ನಮ್ಮ ಸೈಟಿನಲ್ಲಿ ಸ್ಪಷ್ಟವಾಗಿ ತಿಳಿಸಿದ್ದೇವೆ.' ಎಲ್ಲಿ ತಿಳಿಸಿದ್ದೀರಿ ಅಂದೆ. ಪುಟದ ಕೊನೆಗೆ ಹೋಗಿ ಅಂದರು. ಹೋದೆ. ಬಿಳಿಯ ಮೇಲೆ ತಿಳಿ ಬೂದು ಅಕ್ಷರ, ಫೋನಿನಲ್ಲಿ ಎರಡು ಬೆರಳು ಇಟ್ಟು ಹಿಗ್ಗಿಸಿದರೆ ಕಾಣುತ್ತದೆ. ಫಾರ್ಮ್ ಉಚಿತ ಅಂತ ಯಾಕೆ ಹೇಳಲಿಲ್ಲ ಅಂದೆ. 'ನಮ್ಮ ಶುಲ್ಕ ಫಾರ್ಮಿಗಲ್ಲ, ಪರಿಶೀಲನೆಗೆ.' ಹಾಗಾದರೆ ದುಡ್ಡು ವಾಪಸ್ ಕೊಡಿ ಅಂದೆ. 'ಕೆಲಸ ಶುರುವಾದ ಮೇಲೆ ಹಿಂತಿರುಗಿಸಲು ಆಗುವುದಿಲ್ಲ. ಷರತ್ತುಗಳಿಗೆ ನೀವು ಟಿಕ್ ಹಾಕಿದ್ದೀರಿ.' ಏನೇ ಬರೆದರೂ ಮತ್ತೆ ಅದೇ ಸಾಲು. ನಾಲ್ಕು ಸಲ ಅದೇ ಸಾಲು.

ಪುಂಟಾ ಕಾನಾದಲ್ಲಿ ಇಳಿದು, ಹೋಟೆಲ್ ಸೇರಿ ಮುಖ ತೊಳೆದ ಮೇಲೆ, ಸಂಜೆ ಆ ಸೈಟಿನವರಿಂದ ಇನ್ನೊಂದು ಇಮೇಲ್. ಈಗ ಅಸಲಿ ಇ-ಟಿಕೆಟ್ ಕಳಿಸಿದ್ದರು! ನಾವು ಆ ದೇಶದೊಳಗೆ ಕಾಲಿಟ್ಟ ಮೇಲೆ. ಅದರಲ್ಲಿ ಅಮ್ಮನ ಹೆಸರಿಗೆ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿ ಅಂಟಿಸಿದ್ದರು. ಪಾಸ್‌ಪೋರ್ಟಿನಲ್ಲಿ ಆ ಸಾಲು ಖಾಲಿ ಇದೆ, ಫೋಟೋ ಅವರ ಹತ್ತಿರವೇ ಇದೆ. ಇದೇ ಆ ಪರಿಣತರ ಪರಿಶೀಲನೆ.

ಅಲ್ಲಿಗೂ ಬಿಡಲಿಲ್ಲ. ಮೂರನೇ ದಿನ ಸಮುದ್ರದ ದಡದಲ್ಲಿದ್ದಾಗ ಮತ್ತೊಂದು: 'ನಿಮ್ಮ ನಿರ್ಗಮನ ಇ-ಟಿಕೆಟ್ ಬಾಕಿ ಇದೆ. ಇಲ್ಲದಿದ್ದರೆ ವಿಮಾನ ಹತ್ತಲು ತೊಂದರೆಯಾಗಬಹುದು. ತಲಾ 49 ಡಾಲರ್.' ವಾಪಸ್ ಬರುವಾಗಲೂ ಆ ಫಾರ್ಮ್ ಬೇಕು ಅನ್ನುವುದು ನಿಜ. ಆದರೆ ಅದೂ ಉಚಿತ, ಅದೇ ಸರ್ಕಾರದ ಸೈಟಿನಲ್ಲೇ ತುಂಬುವುದು. ಅರ್ಧ ನಿಜ ಹೇಳಿ ಹೆದರಿಸುತ್ತಾರೆ ನೋಡಿ, ಅದು ಜಾಸ್ತಿ ಸಿಟ್ಟು ತರಿಸುತ್ತದೆ.

ನಮ್ಮೂರಿನಲ್ಲಿ ಆರ್‌ಟಿಒ ಕಚೇರಿ ಮುಂದೆ, ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡುವವರು ಇರುತ್ತಾರೆ. ದುಡ್ಡು ತಗೊಂಡು ಬರೆದುಕೊಡುತ್ತಾರೆ. ಆದರೆ ಅವರು ಮರದ ಕೆಳಗೆ ಕೂತಿರುತ್ತಾರೆ, ಆಫೀಸರ ಕುರ್ಚಿಯಲ್ಲಿ ಅಲ್ಲ. ಯಾರಿಗೆ ಯಾಕೆ ಕೊಡುತ್ತಿದ್ದೇವೆ ಅಂತ ನಮಗೂ ಗೊತ್ತಿರುತ್ತದೆ. ಇವರು ಆಫೀಸರ ಕುರ್ಚಿಯಲ್ಲೇ ಕೂತು ದುಡ್ಡು ಕೇಳಿದರು.

ವಿಳಾಸ ಬರೆದಿಟ್ಟುಕೊಳ್ಳಿ. ಮೊದಲು ಇಟಿಕೆಟ್ (ನಡುವೆ ಗೆರೆ ಇಲ್ಲ), ಚುಕ್ಕೆ, ಮಿಗ್ರಾಸಿಯೋನ್ (ಎಂ-ಐ-ಜಿ-ಆರ್-ಎ-ಸಿ-ಐ-ಒ-ಎನ್), ಚುಕ್ಕೆ, ಜಿಒಬಿ, ಚುಕ್ಕೆ, ಡಿಒ. ಅಮೆರಿಕದ ಅಭ್ಯಾಸದಲ್ಲಿ ಜಿಒವಿ ಹುಡುಕಬೇಡಿ, ಸ್ಪ್ಯಾನಿಷ್‌ನಲ್ಲಿ ಸರ್ಕಾರಕ್ಕೆ ಗೋಬಿಯೆರ್ನೋ ಅನ್ನುತ್ತಾರೆ, ಅದಕ್ಕೇ ಜಿಒಬಿ. ಸ್ಪ್ಯಾನಿಷ್ ಬರದಿದ್ದರೂ ಚಿಂತೆ ಇಲ್ಲ, ಇಂಗ್ಲಿಷ್‌ನಲ್ಲೂ ತುಂಬಬಹುದು. ಶುರುವಿನಲ್ಲೇ ಕೊಡುವ ಅರ್ಜಿ ಕೋಡನ್ನು ಫೋಟೋ ತೆಗೆದಿಟ್ಟುಕೊಳ್ಳಿ, ನಡುವೆ ನಿಂತರೆ ಅದರಿಂದ ಮುಂದುವರಿಸಬಹುದು. ಆ ಕಡೆಯ ಬೇರೆ ದ್ವೀಪಕ್ಕೆ ಹೋಗುವವರಿಗೂ ಒಂದು ಮಾತು: ಜಮೈಕಾಗೆ ಹೋಗುವಾಗ ತುಂಬುವ ಸಿ5 ಫಾರ್ಮ್ ಕೂಡ ಉಚಿತ. ಅರೂಬಾದಲ್ಲಿ ಮಾತ್ರ 2024ರಿಂದ ವಿಮಾನದಲ್ಲಿ ಬರುವವರಿಗೆ 20 ಡಾಲರ್ ಇದೆ, ಅದು ಸರ್ಕಾರದ್ದೇ. ಅದಕ್ಕಿಂತ ಜಾಸ್ತಿ ಕೇಳಿದರೆ ಆ ಪುಟ ಮುಚ್ಚಿಬಿಡಿ. ಅಪ್ಪ ಅಮ್ಮ ತಾವೇ ತುಂಬುತ್ತೇವೆ ಅಂದರೆ ಪಕ್ಕದಲ್ಲಿ ಕೂತು ವಿಳಾಸ ನೋಡಿ.

ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಸೇವೆ ಒದಗಿಸಿದ್ದೇವೆ ಅಂತ ಆ ಸೈಟಿನವರು ಆ ತಡವಾದ ಇ-ಟಿಕೆಟ್ಟನ್ನೇ ಸಾಕ್ಷಿಯಾಗಿ ಕಳಿಸಿದ್ದಾರೆ. ನಾನು ಅದರಲ್ಲಿದ್ದ ಅಮ್ಮನ ತಪ್ಪು ಹೆಸರನ್ನೂ, ಇಮೇಲ್ ಬಂದ ಸಮಯವನ್ನೂ ಗುರುತು ಮಾಡಿ ಕಳಿಸಿದೆ. ತೀರ್ಮಾನ ಇನ್ನೂ ಬಂದಿಲ್ಲ.

ನಾಲ್ಕು ಪಾಸ್‌ಪೋರ್ಟಿನ ಫೋಟೋ ಅಳಿಸಿದ್ದೀರಾ ಅಂತ ಆ ಸೈಟಿನವರನ್ನು ಮೂರು ಸಲ ಕೇಳಿದ್ದೇನೆ. ಬೇರೆ ಎಲ್ಲದಕ್ಕೂ ಐದು ನಿಮಿಷದಲ್ಲಿ ಉತ್ತರ ಕೊಡುತ್ತಿದ್ದರು. ಇದಕ್ಕೆ ಇವತ್ತಿನವರೆಗೆ ಒಂದು ಸಾಲೂ ಬಂದಿಲ್ಲ.