ಎಡಬದಿಗೆ ಬಣ್ಣ, ಬಲಬದಿಗೆ ಹೊಸ ಭಾಗ: ಕಾರಿನ ಹೊರಗಿನ ಪ್ಲಾಸ್ಟಿಕ್ ಮೇಲೆ ಎರಡು ಬೇಸಿಗೆಗಳ ಪ್ರಯೋಗ

ಕಲಬುರಗಿಯ ಬಿಸಿಲಿನಲ್ಲಿ ಹನ್ನೊಂದು ವರ್ಷ ನೆರಳಿಲ್ಲದೆ ನಿಂತ ನಮ್ಮ ಬಿಳಿ ಕಾರಿನ ತಗಡಿನ ಬಣ್ಣ ಇನ್ನೂ ಚೆನ್ನಾಗಿಯೇ ಇದೆ. ಆದರೆ ಚಕ್ರಗಳ ಮೇಲಿನ ಕಪ್ಪು ಪ್ಲಾಸ್ಟಿಕ್ ಕಮಾನುಗಳು ಬೂದಿ ಬಳಿದಂತೆ ಬೆಳ್ಳಗಾಗಿದ್ದವು, ಕನ್ನಡಿಗಳ ಹೊರಕವಚಗಳು ಗೀರುಬಿದ್ದಿದ್ದವು, ಬಾಗಿಲಿನ ಪಟ್ಟಿಗಳ ತುದಿಗಳು ಎದ್ದಿದ್ದವು. ಬಣ್ಣ ಹೊಡೆಯುವುದೋ, ಹೊಸದನ್ನೇ ಹಾಕುವುದೋ ಎಂಬ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದರಿಂದ, ಎಡಬದಿಗೆ ಬಣ್ಣ, ಬಲಬದಿಗೆ ಹೊಸ ಭಾಗ ಎಂದು ನಿಶ್ಚಯಿಸಿ ಎಲ್ಲವನ್ನೂ ಮನೆಯಲ್ಲಿಯೇ ಮಾಡಿದೆ. ಒಂದೇ ಬದಿಗೆ ಹೆಚ್ಚು ಬಿಸಿಲು ತಾಗದಿರಲೆಂದು ವಾರಕ್ಕೊಮ್ಮೆ ಕಾರನ್ನು ತಿರುಗಿಸಿ ನಿಲ್ಲಿಸುತ್ತಿದ್ದೆ.

ಇದಕ್ಕೂ ಮೊದಲು ಸಿಲಿಕೋನ್ ಪಾಲಿಶ್ ಹಚ್ಚಿ ನೋಡಿದ್ದೆ. ಎರಡು ಮೂರು ವಾರ ಕಪ್ಪಾಗಿ ಕಂಡು ಮತ್ತೆ ಮೊದಲಿನಂತೆಯೇ ಆಯಿತು. ಅದರ ಬಗ್ಗೆ ಇಷ್ಟು ಸಾಕು.

ಕೆಲಸ ಶುರುಮಾಡುವ ಮುನ್ನ ಭಾಗವನ್ನು ಬಿಚ್ಚಿ ಅದರ ಹಿಂಬದಿಯನ್ನು ನೋಡಬೇಕು. ಅಲ್ಲಿ ಪ್ಲಾಸ್ಟಿಕ್ಕಿನ ಜಾತಿಯನ್ನು ಅಚ್ಚೊತ್ತಿರುತ್ತಾರೆ. ನನ್ನ ಕಾರಿನಲ್ಲಿ ಕಮಾನುಗಳ ಹಿಂದೆ ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಎಂದಿತ್ತು; ಕನ್ನಡಿಯ ಕವಚದ ಒಳಗೆ ಎಬಿಎಸ್, ಅಂದರೆ ಇನ್ನೊಂದು ಜಾತಿಯ ಗಟ್ಟಿ ಪ್ಲಾಸ್ಟಿಕ್, ಎಂದಿತ್ತು. ಎಬಿಎಸ್ ಬಣ್ಣವನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಮಾತ್ರ ಮೇಣದಂಥ ಮೈಯಿನದು. ಅದರ ಮೇಲೆ ಬಣ್ಣ ಕೂತಂತೆ ಕಂಡರೂ ಅಂಟಿರುವುದಿಲ್ಲ.

ಈ ಮಾತನ್ನು ನಾನು ನಷ್ಟಪಟ್ಟು ಕಲಿತೆ. ಎಡ ಹಿಂಬದಿಯ ಕಮಾನಿಗೆ ಗೇಟಿಗೆ ಹೊಡೆಯುವ ಸಾಮಾನ್ಯ ಪ್ರೈಮರನ್ನೇ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಹೊಡೆದು, ಮೇಲೆ ಕಪ್ಪು ಮ್ಯಾಟ್ ಸ್ಪ್ರೇ ಹಾಕಿದ್ದೆ. ಎರಡು ತಿಂಗಳಿಗೆ ಜೋರಾಗಿ ನೀರು ಬಿಟ್ಟು ತೊಳೆದಾಗ ಬಣ್ಣ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಎದ್ದುಬಂತು. ಎರಡನೆಯ ಸಲ ಪಾಲಿಪ್ರೊಪಿಲೀನಿಗೆಂದೇ ಸಿಗುವ, ಅಂಟು ಹಿಡಿಸುವ ಪಾರದರ್ಶಕ ಪ್ಲಾಸ್ಟಿಕ್ ಪ್ರೈಮರನ್ನು ತಂದೆ. ಪಾತ್ರೆ ತೊಳೆಯುವ ಸೋಪಿನಿಂದ ಎರಡು ಬಾರಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮೇಲ್ಮೈಯ ಹರಳು ಹರಳಾದ ವಿನ್ಯಾಸ ಸವೆಯದಂತೆ ವಾಟರ್ ಪೇಪರಿನ (ನೀರು ಹಾಕಿ ಉಜ್ಜುವ ಮರಳು ಕಾಗದ) ಬದಲು ಪಾತ್ರೆ ಉಜ್ಜುವ ಒರಟು ನಾರಿನಿಂದ ತಿಕ್ಕಿದೆ. ಇಷ್ಟಾದರೂ ಹಳೆಯ ಸಿಲಿಕೋನ್ ಪಾಲಿಶ್ ಉಳಿದಿದ್ದ ಒಂದು ಮೂಲೆಯಲ್ಲಿ ಬಣ್ಣ ಹಿಂದೆ ಸರಿದು ಸಣ್ಣ ಸಣ್ಣ ಕುಳಿಗಳಾದವು. ಬಣ್ಣ ಹೊಡೆಯುವ ಉದ್ದೇಶವಿದ್ದವರು ಆ ಪಾಲಿಶನ್ನು ಮುಟ್ಟದಿರುವುದೇ ಲೇಸು.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಹವೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಸ್ಪ್ರೇಯ ಹನಿಗಳು ಭಾಗವನ್ನು ತಲುಪುವ ಮೊದಲೇ ಅರೆ ಒಣಗಿ, ಮೈ ಮರಳಿನಂತೆ ಒರಟಾಗುತ್ತದೆ; ಮಳೆಗಾಲದ ತೇವದಲ್ಲಿ ಬಣ್ಣದ ಮೇಲೆ ಹಾಲಿನಂಥ ಮಬ್ಬು ಬರುತ್ತದೆ. ನನಗೆ ಒಳ್ಳೆಯ ಫಲ ಸಿಕ್ಕಿದ್ದು ನವೆಂಬರಿನಲ್ಲಿ, ಬೆಳಿಗ್ಗೆ ಇಬ್ಬನಿ ಆರಿದ ನಂತರ, ಸುಮಾರು 25 ಸೆಂಟಿಮೀಟರ್ ದೂರದಿಂದ, ಹತ್ತು ಹತ್ತು ನಿಮಿಷ ಬಿಟ್ಟು ಮೂರು ತೆಳು ಪದರ ಹೊಡೆದಾಗ.

ಕನ್ನಡಿಯ ಕವಚದಲ್ಲಿ ಹೋಲಿಕೆಯ ಫಲ ಬೇರೆಯೇ ಆಯಿತು. ಬಲಬದಿಗೆ ತಂದ ಹೊಸ ಕವಚ ಬಣ್ಣವಿಲ್ಲದೆ ಕಪ್ಪಾಗಿಯೇ ಬಂತು. ಅಂದರೆ ಹೊಸದನ್ನು ಕೊಂಡರೂ ಬಣ್ಣದ ಕೆಲಸ ತಪ್ಪಲಿಲ್ಲ. ಎಡಬದಿಯ ಹಳೆಯ ಕವಚವನ್ನು 400, ಆಮೇಲೆ 800 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ, ಪ್ರೈಮರ್, ಬಿಳಿ ಬಣ್ಣ, ಮೇಲೆ ಹೊಳಪಿನ ಪಾರದರ್ಶಕ ಪದರವಾದ ಲ್ಯಾಕರ್ ಹೊಡೆದೆ. ಇಂದು ಅಕ್ಕಪಕ್ಕ ನಿಂತು ನೋಡಿದರೂ ವ್ಯತ್ಯಾಸ ತಿಳಿಯದು. ಆದ್ದರಿಂದ ಒಳಗಿನ ಕೊಕ್ಕೆ ಮುರಿಯದಿದ್ದರೆ ಕನ್ನಡಿಯ ಕವಚಕ್ಕೆ ಹೊಸದು ಬೇಡ. ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ ಲ್ಯಾಕರನ್ನು ಮಾತ್ರ ಮನೆಯಲ್ಲಿ ಹೊಡೆಯಲೇಬೇಡಿ. ಅದರಲ್ಲಿನ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಹಾನಿಕರ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಬಲಬದಿಯ ಕಮಾನುಗಳಿಗೆ ಮುಂದಿನದಕ್ಕೆ ಕಂಪನಿಯ ಭಾಗವನ್ನೂ, ಹಿಂದಿನದಕ್ಕೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಕೊಂಡ ಅಗ್ಗದ ನಕಲನ್ನೂ ಹಾಕಿದೆ. ಕಂಪನಿಯದು ಅರ್ಧ ಗಂಟೆಯಲ್ಲಿ ಕೂತಿತು. ನಕಲಿನ ಎರಡು ರಂಧ್ರಗಳು ಮೂರ್ನಾಲ್ಕು ಮಿಲಿಮೀಟರ್ ಆಚೀಚೆಯಿದ್ದವು. ಕೊರೆದು ಹಿಗ್ಗಿಸಿ ಕೂರಿಸಿದರೂ ಕೆಳತುದಿಯಲ್ಲಿ ಸಂದು ಉಳಿಯಿತು. ಹಳೆಯ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಮುರಿಯುವುದು ಖಂಡಿತ, ಆದ್ದರಿಂದ ಬಿಚ್ಚುವ ಮೊದಲೇ ಹತ್ತು ಹೊಸ ಕ್ಲಿಪ್ ತಂದಿಟ್ಟುಕೊಳ್ಳಬೇಕು. ಬಿಚ್ಚಿದಾಗ ಕಮಾನಿನ ಹಿಂದೆ ಒಂದು ಹಿಡಿ ಮಣ್ಣು ಕೂಡಿತ್ತು, ಅದರಡಿ ಫೆಂಡರಿನ (ಚಕ್ರದ ಮೇಲಿನ ತಗಡು) ಅಂಚಿಗೆ ತುಕ್ಕು ಹಿಡಿಯತೊಡಗಿತ್ತು. ಭಾಗವನ್ನು ಕಾರಿನ ಮೇಲೆಯೇ ಬಿಟ್ಟು ಸುತ್ತಲೂ ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹೊಡೆಯುವವರಿಗೆ ಈ ತುಕ್ಕು ಕಾಣುವುದೇ ಇಲ್ಲ. ಹಾಗಾಗಿ ಬಣ್ಣವೇ ಹೊಡೆಯುವುದಾದರೂ ಬಿಚ್ಚಿಯೇ ಹೊಡೆಯಿರಿ ಎಂದು ಒತ್ತಿ ಹೇಳುತ್ತೇನೆ.

ಬಾಗಿಲಿನ ಪಟ್ಟಿಗಳಲ್ಲಿ ಎರಡೂ ಬದಿಯ ಶ್ರಮ ಒಂದೇ. ಹೇರ್ ಡ್ರೈಯರಿನಿಂದ ಬಿಸಿಮಾಡಿ, ಹಿಂದೆ ನೈಲಾನ್ ದಾರ ಎಳೆದು ಕೀಳಬೇಕು; ಹಳೆಯ ಅಂಟನ್ನು ಪೂರ್ತಿ ತೆಗೆದು ಹೊಸ ಡಬಲ್ ಟೇಪ್ ಹಚ್ಚಿ, 72 ಗಂಟೆ ನೀರು ತಾಗಿಸಬಾರದು.

ಎರಡು ಬೇಸಿಗೆಗಳ ನಂತರ ಎಡ ಮುಂಭಾಗದ ಕಮಾನಿನ ಬಣ್ಣ ಮಾಸಿಲ್ಲ, ಆದರೆ ಟೈರು ಸಿಡಿಸುವ ಕಲ್ಲು ತಾಗಿದಲ್ಲೆಲ್ಲ ಚುಕ್ಕೆಯಾಗಿ ಕಿತ್ತಿದೆ. ಕಂಪನಿಯ ಹೊಸ ಕಮಾನಿಗೆ ಕಲ್ಲು ತಾಗಿದರೂ ಒಳಗೂ ಕಪ್ಪೇ ಇರುವುದರಿಂದ ಗುರುತು ಕಾಣುವುದಿಲ್ಲ. ನಕಲು ಈಗಲೇ ಬೂದುಬಣ್ಣಕ್ಕೆ ತಿರುಗುತ್ತಿದೆ. ಬಣ್ಣದ ಬದಿಗೆ ಸುಮಾರು 2,000 ರೂಪಾಯಿ ಮತ್ತು ಮೂರು ಭಾನುವಾರಗಳು, ಹೊಸ ಭಾಗಗಳ ಬದಿಗೆ ಸುಮಾರು 4,600 ರೂಪಾಯಿ ಮತ್ತು ಒಂದು ಭಾನುವಾರ ಹಿಡಿಯಿತು. ಕಮಾನುಗಳ ಮಟ್ಟಿಗೆ ನನ್ನ ಆಯ್ಕೆ ಕಂಪನಿಯ ಹೊಸ ಭಾಗವೇ. ಬಲ ಹಿಂಬದಿಯ ನಕಲನ್ನು ತೆಗೆದು ಕಂಪನಿಯದನ್ನೇ ಹಾಕಲು ಈ ನವೆಂಬರಿಗೆ ಹೇಳಿಟ್ಟಿದ್ದೇನೆ.