ಸ್ಪನ್‌ಬಾಂಡ್ ಎಳೆ ಬೀಳುವ ಲೆಕ್ಕ: ಯಾವ ಮಾದರಿ ಹಿಡಿಯಬೇಕು?

ಕರಗಿಸಿದ ಪ್ಲಾಸ್ಟಿಕ್ಕನ್ನು ನಳಿಕೆಗಳಿಂದ ಎಳೆಗಳಾಗಿ ಹೊರಡಿಸಿ, ಗಾಳಿಯಲ್ಲಿ ಎಳೆದು, ಚಲಿಸುವ ಬೆಲ್ಟ್ ಮೇಲೆ ಬೀಳಿಸಿ ನೇಯದ ಬಟ್ಟೆ ಮಾಡುವುದೇ ಸ್ಪನ್‌ಬಾಂಡ್. ಹೀಗೆ ಮಾಡಿ ಹುಬ್ಬಳ್ಳಿಯ ಎರೆಮಣ್ಣಿನ ರಸ್ತೆಯಡಿ ಹಾಸುವ ಬಟ್ಟೆ, ಅಂದರೆ ಜಿಯೋಟೆಕ್ಸ್‌ಟೈಲ್ ಎಲ್ಲೆಡೆ ಸಮ ದಪ್ಪವಿರುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುವವರಿಗೆ ಎರಡು ದಾರಿಗಳಿವೆ.

ಗಾಳಿಯ ಸುಳಿಯಲ್ಲಿ ಎಳೆ ಬಳುಕುವುದನ್ನೇ ಬಿಡಿಸುವ ಪೂರ್ಣ ಭೌತಿಕ ಮಾದರಿ ಒಂದು. ನಳಿಕೆ ಅಥವಾ ಗಾಳಿಯ ವೇಗ ಬದಲಿಸಿದರೆ ಏನಾಗುತ್ತದೆಂದು ಹೇಳಬಲ್ಲದು ಇದೇ. ಆದರೆ ಸಾವಿರಾರು ಎಳೆಗಳಿಗೆ ಲೆಕ್ಕ ಮುಗಿಯುವುದೇ ಇಲ್ಲ.

ಇನ್ನೊಂದು, 2007ರಲ್ಲಿ ಗೋಟ್ಸ್, ಕ್ಲಾರ್, ಮಾರ್ಹೈನೆಕೆ, ವೆಗೆನರ್ ಎಂಬ ಸಂಶೋಧಕರು ಪ್ರಕಟಿಸಿದ ಯಾದೃಚ್ಛಿಕ (ಆಕಸ್ಮಿಕತೆಯನ್ನು ಸೇರಿಸಿಕೊಂಡ) ಮಾದರಿ. ಬೆಲ್ಟ್ ಮೇಲೆ ಬಿದ್ದ ಎಳೆಯ ದಿಕ್ಕಿನ ಕೋನವನ್ನಷ್ಟೇ ಇದು ಹಿಂಬಾಲಿಸುತ್ತದೆ: ಸಮೀಕರಣದ ಒಂದು ಪದ ಎಳೆಯನ್ನು ನಳಿಕೆಯ ನೇರ ಕೆಳಗಿನ ಬಿಂದುವಿನತ್ತ ತಿರುಗಿಸುತ್ತದೆ (ಇದೇ ಸೆಳೆತ), ಇನ್ನೊಂದು ಗದ್ದಲ, ಅಂದರೆ ಆಕಸ್ಮಿಕ ಏರುಪೇರು, ಸೇರಿಸುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಬೆಲ್ಟ್ ನಿಂತಿರುವಾಗ, ಸೆಳೆತ ಆ ಬಿಂದುವಿನಿಂದಿರುವ ದೂರಕ್ಕೆ ಅನುಪಾತದಲ್ಲಿದ್ದರೆ, ಎಳೆ ಹರಡುವ ಅಗಲವನ್ನು ಸೆಳೆತವೇ ನಿರ್ಧರಿಸುತ್ತದೆ; ಗದ್ದಲ ಬದಲಿಸುವುದು ಸುರುಳಿಯ ಕ್ರಮಬದ್ಧತೆಯನ್ನು ಮಾತ್ರ. ಆದ್ದರಿಂದ ಮೊದಲು ಅಗಲ ಹೊಂದಿಸಿ, ಆಮೇಲೆ ಗದ್ದಲ.

ಹೆಚ್ಚಿನವರು ಎಡವುವುದು ಕೋಡಿನಲ್ಲಿ. ಗದ್ದಲವನ್ನು ಲೆಕ್ಕದ ಹೆಜ್ಜೆಯ ಉದ್ದದಿಂದಲ್ಲ, ಅದರ ವರ್ಗಮೂಲದಿಂದ ಗುಣಿಸಬೇಕು. ಇಲ್ಲವಾದರೆ ಹೆಜ್ಜೆ ಚಿಕ್ಕದಾದಂತೆ ಗದ್ದಲವೇ ಮಾಯ. ಮೂಲ ರೂಪದಲ್ಲಿ ಎಳೆಯ ವಕ್ರತೆಗೆ (ಎಷ್ಟು ಬಾಗುತ್ತದೆ ಎಂಬುದಕ್ಕೆ) ಮಿತಿಯೂ ಇಲ್ಲ. ರಂಧ್ರ, ನೀರಿನ ಹರಿವು ನೋಡಬೇಕೆಂದರೆ ವಕ್ರತೆಗೇ ಗದ್ದಲ ಕೊಡುವ ನುಣುಪಾದ ರೂಪ ಬಳಸಿ.

ಹಾವೇರಿ, ಗದಗಿನ ಹತ್ತಿಗೆ ಇವೆರಡೂ ನೇರವಾಗಿ ಒಗ್ಗವು. ಹತ್ತಿಯದು ತುಂಡು ನಾರು, ನಾರನ್ನು ಬಾಚುವ ಕಾರ್ಡಿಂಗ್‌ನಲ್ಲಿ ಹಾಸಾಗುತ್ತದೆ; ಇಲ್ಲಿ ಊಹಿಸಿರುವುದು ಕೊನೆಯಿಲ್ಲದ ಎಳೆ.

ಯಂತ್ರ ಬದಲಾಗದಿದ್ದರೆ ಎರಡನೆಯದನ್ನೇ ಹಿಡಿಯಿರಿ. ನಳಿಕೆ ಬದಲಾದರೆ ಪೂರ್ಣ ಮಾದರಿಯನ್ನು ಕೆಲವೇ ಎಳೆಗಳಿಗೆ ಓಡಿಸಿ, ಅಲ್ಲಿಂದ ಸಿಕ್ಕ ಹೊಸ ಅಗಲ ಮತ್ತು ಗದ್ದಲವನ್ನು ಎರಡನೆಯ ಮಾದರಿಗೆ ತುಂಬಿ.